ಕಾಗದ ತುಳಿಯದ ಕಾಲು

ಈ ಪ್ರವಾಸದ ಬಗ್ಗೆ ಬರೆಯುವ ಮುನ್ನ ಒಂದು ವಿಷಯ ಒಪ್ಪಿಕೊಳ್ಳಬೇಕು. ಇಲ್ಲಿ ಹೇಳುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನೇ ರಾಯಚೂರಿನ ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ಕಟ್ಟಿದ್ದು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಹೋದದ್ದು ನಿಜ, ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ. ಮೊಣಕಾಲಿನ ಕೆಳಗೆ ಒಂದು ಗಾಯದ ಗೆರೆಯೂ ಇದೆ. ಆದರೆ ಗಬ್ಬೂರಿನಲ್ಲಿ ಜಾಲಿ ಬೇಲಿ ಹಾರಿ ಬೆಳೆದವನ ಕಾಲಿನಲ್ಲಿ ಇಂಥ ಗೆರೆ ಹತ್ತಾರು ಇರುತ್ತವೆ, ಅದನ್ನು ಸಾಕ್ಷಿ ಎನ್ನಲಾಗದು.

ಅನುಮಾನ ಇರುವುದು ಎರಡು ಕಡೆ. ಒಂದು ಮಧ್ಯಾಹ್ನ ಕೆನಡಾದ ಒಂದು ಮನೆಯ ಅಟ್ಟದಲ್ಲಿ, ನಾನು ಕಾಲಿಡಬೇಕಾದ ಹಲಗೆಯ ಮೇಲೆ ಹಳೆಯ ವೃತ್ತಪತ್ರಿಕೆಯ ಹಾಳೆ ಬಿದ್ದಿತ್ತೋ ಇಲ್ಲವೋ. ಅದೇ ಸಂಜೆ, ನನ್ನಿಂದಾಗಿ ಒಬ್ಬ ಮನುಷ್ಯನ ಕೆಲಸ ಹೋಗುವ ಹೊತ್ತಿನಲ್ಲಿ, ನಾನು ಬಾಯಿ ತೆರೆದೆನೋ ಇಲ್ಲವೋ. ನಾನು ಭೌತಶಾಸ್ತ್ರ ಕಲಿಸುವವನು. ಅಳತೆ ತಪ್ಪಿದರೆ ಹುಡುಗರಿಗೆ ಮತ್ತೆ ಅಳೆಯಿರಿ ಎನ್ನುತ್ತೇನೆ. ಕಳೆದುಹೋದ ಮಧ್ಯಾಹ್ನವನ್ನು ಮತ್ತೆ ಅಳೆಯುವುದು ಹೇಗೆ?

ಬಯಲಿನಿಂದ ಬಯಲಿಗೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪ್ರಯೋಗಾಲಯದ ಹೊಸ ಉಪಕರಣಗಳನ್ನು ಕಲಿತು ಬರಲು ಕಾಲೇಜಿನವರು ನನ್ನನ್ನು ಮೂರು ತಿಂಗಳಿಗೆ ಕಳಿಸಿದ್ದರು. ನಾನು ಇಳಿದ ಊರು ಆ ದೇಶದ ನಡುಬಯಲಿನಲ್ಲಿತ್ತು. ವಿಮಾನದಿಂದ ನೋಡಿದರೆ ಯಾಪಲದಿನ್ನಿ ಕಡೆಯ ಎರೆ ಹೊಲಗಳಂತೆಯೇ ಮಟ್ಟಸ. ಕಣ್ಣು ಹಾಯುವಷ್ಟು ದೂರ ಗುಡ್ಡವಿಲ್ಲ, ಗಿಡವಿಲ್ಲ. ಊರಿಗೇ ಬಂದಂತಾಯಿತು ಎಂದುಕೊಂಡೆ. ನಿಲ್ದಾಣದ ಬಾಗಿಲು ದಾಟಿ ಜೇಬಿನಿಂದ ಕೈ ತೆಗೆಯುವವರೆಗೆ ಆ ಭಾವನೆ ಇತ್ತು.

ಉಳಿದುಕೊಂಡದ್ದು ನಾಗಕ್ಕನ ಮನೆಯಲ್ಲಿ. ನಾಗಕ್ಕ ನನ್ನ ದೊಡ್ಡವ್ವನ ಮಗಳು, ಮಾನ್ವಿಯವಳು. ನರ್ಸ್ ಓದಿ ಅಲ್ಲಿನ ಆಸ್ಪತ್ರೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ಹಳೆಯ ಮರದ ಮನೆ ಕೊಂಡಿದ್ದಳು. ಆ ವರ್ಷ ದೊಡ್ಡವ್ವನನ್ನೂ ಕೆಲವು ತಿಂಗಳಿಗೆ ಕರೆಸಿಕೊಂಡಿದ್ದಳು. ದೊಡ್ಡವ್ವ ಇಳಕಲ್ ಸೀರೆಯ ಮೇಲೆ ಒಂದು ಸ್ವೆಟರ್, ಅದರ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಬಿಸಿಗಾಳಿ ಬರುವ ಜಾಲರಿಯ ಪಕ್ಕ ಕೂತಿರುತ್ತಿದ್ದಳು. ನಾನು ಒಳಗೆ ಬಂದಾಗ ಆಕೆಯ ಮೊದಲ ದೂರು ಮಗಳ ಮೇಲಲ್ಲ, ಮನೆಯ ಮೇಲೆ.

"ಇದೇನು ಮನಿ ತಂದಾಳಪ ನಿಮ್ಮಕ್ಕ. ಬಾಗಿಲಾ ಹಾಕಿದ್ರೂ ಥಂಡಿ ಗ್ವಾಡಿಯೊಳಗಿಂದ ಬರ್ತದ."

ಆಕೆ ಹೇಳಿದ್ದು ಸರಿ. ಆ ಮನೆಗಳ ಗೋಡೆ ಅಂದರೆ ಎರಡು ಪದರ ಹಲಗೆ, ನಡುವೆ ಟೊಳ್ಳು. ನಮ್ಮ ಮೊಳದಗಲದ ಕಲ್ಲುಮಣ್ಣಿನ ಗೋಡೆ ನೋಡಿದವರಿಗೆ ಅದು ಗೋಡೆ ಅನ್ನಿಸುವುದೇ ಇಲ್ಲ. ಮನೆ ಕಾಯಿಸಲು ಉರಿಸುವ ಎಣ್ಣೆ ತುಟ್ಟಿಯಾದ ಮೇಲೆ ಬೆಚ್ಚಗಿರುವುದು ಊರಿಗೆಲ್ಲ ಚಿಂತೆಯಾಗಿತ್ತು. ಅಲ್ಲಿನವರು ಎದುರಾದರೆ ಮೊದಲು ಕೇಳುವುದು ನಿನ್ನ ಮನೆ ಎಷ್ಟು ಬೆಚ್ಚಗಿದೆ ಎಂದು. ನಮ್ಮಲ್ಲಿ ಬೇಸಿಗೆಯಲ್ಲಿ ಯಾರ ಮನೆಯ ಕೊಡದ ನೀರು ತಣ್ಣಗಿದೆ ಎಂದು ಮಾತಾಗುವುದಿಲ್ಲವೇ, ಹಾಗೆ.

ಇನ್ನೊಂದು ಅಭ್ಯಾಸ ವಿಚಿತ್ರವಾಗಿತ್ತು. ಓದಿದ ಪೇಪರುಗಳನ್ನು ಚೊಕ್ಕಟವಾಗಿ ಹುರಿಯಲ್ಲಿ ಕಟ್ಟಿ ಬಾಗಿಲ ಹೊರಗಿಡುತ್ತಿದ್ದರು. ಅದನ್ನು ಯಾರೂ ಪೊಟ್ಟಣ ಕಟ್ಟುವುದಿಲ್ಲ, ಅದರಲ್ಲಿ ಮಿರ್ಚಿ ಸುತ್ತುವುದಿಲ್ಲ. ಪಕ್ಕದ ಮನೆಯ ಹೆಂಗಸು, ಇದನ್ನೆಲ್ಲ ಕಾರ್ಖಾನೆಯಲ್ಲಿ ಪುಡಿ ಮಾಡಿ ಮನೆಗಳ ಅಟ್ಟಕ್ಕೆ ತುಂಬುತ್ತಾರೆ, ಚಳಿ ತಡೆಯಲು, ಎಂದಳು. ನಾನು ಸೌಜನ್ಯಕ್ಕೆ ನಕ್ಕೆ. ನಂಬಲಿಲ್ಲ. ಮುಂದಿನ ವಾರವೇ ನಾಗಕ್ಕನ ಮನೆಗೆ ಆ ಕೆಲಸದವರು ಬರುವವರಿದ್ದರು.

ಅಟ್ಟ ತುಂಬಿದ ದಿನ

ಬೆಳಿಗ್ಗೆ ಲಾರಿ ಬಂತು, ಇಬ್ಬರು ಇಳಿದರು. ನಾಗಕ್ಕ ಡ್ಯೂಟಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ದೊಡ್ಡವ್ವ. ಒಬ್ಬ ಕೆಲಸಗಾರ ಲಾರಿಯಲ್ಲೇ ಉಳಿದು ಕಾಗದದ ಪುಡಿಯ ಮೂಟೆಗಳನ್ನು ಯಂತ್ರದ ಬಾಯಿಗೆ ಸುರಿಯುತ್ತಿದ್ದ. ಇನ್ನೊಬ್ಬ, ಮೈಕ್ ಎಂಬುವನು, ಆ ಪುಡಿ ಊದುವ ದಪ್ಪ ಪೈಪು ಹಿಡಿದು ಏಣಿ ಹತ್ತಿ ಅಟ್ಟಕ್ಕೆ ಹೋಗುವವನು. ಐವತ್ತರ ಆಸುಪಾಸಿನವನು, ಎಡಗೈಯ ಕಿರುಬೆರಳು ಅರ್ಧವೇ ಇತ್ತು.

ಕಾಗದ ಹೊತ್ತಿ ಉರಿಯುವುದಿಲ್ಲವೇ ಎಂದು ನಾನು ಆರಂಭಿಸಿದೆ. ಅವನು ಒಂದು ಹಿಡಿ ಪುಡಿ ತೆಗೆದು ಅದೇ ಎಡಗೈಯ ಮೇಲೆ ಇಟ್ಟುಕೊಂಡು, ಬಲಗೈಯಲ್ಲಿ ಲೈಟರಿನ ಉರಿ ಹಿಡಿದ. ಮೇಲಿನ ಪದರ ಕರಕಾಯಿತು, ಹೊತ್ತಿಕೊಳ್ಳಲಿಲ್ಲ. ಅಂಗೈ ತಣ್ಣಗಿತ್ತು, ಮುಟ್ಟಿ ನೋಡಿದೆ. ಪುಡಿಯಲ್ಲಿ ಬಿಳಿಗಾರ ಬೆರೆಸಿರುತ್ತಾರೆ, ಹುಳವೂ ಹತ್ತುವುದಿಲ್ಲ ಎಂದ. ಬಿಳಿಗಾರ ಅಂದರೆ ಅಕ್ಕಸಾಲಿಗರು ಬೆಸುಗೆಗೆ ಹಾಕುವುದು. ಮಕ್ಕಳ ಬಾಯಿ ಹುಣ್ಣಿಗೆ ಜೇನಿನಲ್ಲಿ ತೇದು ಹಚ್ಚುವುದೂ ಅದನ್ನೇ. ಅದನ್ನು ಹೇಳಿದಾಗ ದೊಡ್ಡವ್ವ ಹತ್ತಿರ ಬಂದು ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು.

"ಥಂಡಿಗೇನು ಇದು?"

"ಹೂಂ, ಮಾಳಿಗಿ ಒಳಗ ತುಂಬ್ತಾರಂತ. ನನಗ ನಂಬಿಕಿ ಇಲ್ಲ."

"ಅದರಾಗ ನಂಬಲಾರದ್ದು ಏನದ? ಬಿಸಲು ಬರಬಾರದು ಅಂತ ನಾವು ಮಾಳಿಗಿ ಮ್ಯಾಲ ಸವಳು ಮಣ್ಣು ಹಾಕಲ್ಲೇನು. ಅವರಲ್ಲಿ ಮಣ್ಣಿಗಿ ಬರ, ಕಾಗದ ಭಾಳ. ಇಷ್ಟು ಓದಿ ಸುಮ್ನ ಅವನ ತಲಿ ತಿನ್ನಾಕತ್ತೀ."

ತತ್ತ್ವ ನನಗೂ ಗೊತ್ತಿತ್ತು. ನಿಂತ ಗಾಳಿ ಶಾಖವನ್ನು ಬಿಟ್ಟುಕೊಡುವುದಿಲ್ಲ. ಕೌದಿ ಬೆಚ್ಚಗಿರುವುದೂ ಅದರ ಪದರಗಳ ನಡುವಿನ ಗಾಳಿಯಿಂದ. ಆದರೆ ಗೊತ್ತಿದ್ದದ್ದನ್ನು ಕಣ್ಣಾರೆ ನೋಡದೆ ಬಿಡುವ ಜಾಯಮಾನ ನನ್ನದಲ್ಲ. ಅಟ್ಟಕ್ಕೆ ಬರುತ್ತೇನೆ ಎಂದು ಮೈಕನ ಹಿಂದೆ ಬಿದ್ದೆ.

ಅವನು ಆಗದು ಎಂದ. ಮನೆಯವರನ್ನು ಮೇಲೆ ಹತ್ತಿಸಬಾರದೆಂದು ನಿಯಮವಿದೆ. ಅಲ್ಲದೆ ಹೋದ ತಿಂಗಳು ಒಂದು ಮನೆಯವರು ಅವನ ಮೇಲೆ ದೂರು ಕೊಟ್ಟಿದ್ದರು, ಇನ್ನೊಂದು ಬಂದರೆ ಮನೆಗೆ ಹೋಗು ಎಂದು ಮೇಸ್ತ್ರಿ ಹೇಳಿದ್ದ. ಚಳಿಗಾಲದಲ್ಲಿ ಆ ಊರಿನಲ್ಲಿ ಬೇರೆ ಕೆಲಸ ಸಿಗುವುದಿಲ್ಲವಂತೆ. ಇದನ್ನೆಲ್ಲ ಅವನು ನನಗೆ ಬಿಡಿಸಿ ಹೇಳಿದ. ಅಷ್ಟು ಖಚಿತವಾಗಿ ನೆನಪಿದೆ, ಯಾಕೆಂದರೆ ಅದನ್ನು ಕೇಳಿಯೂ ನಾನು ಪೀಡಿಸುವುದು ಬಿಡಲಿಲ್ಲ. ಊಟದ ಹೊತ್ತಿಗೆ, ಯಂತ್ರ ನಿಂತಿದ್ದಾಗ, ಅವನು ಸೋತ. ಐದು ನಿಮಿಷ, ಹಲಗೆ ಬಿಟ್ಟು ಎಲ್ಲೂ ಕಾಲಿಡಬೇಡ ಎಂದು ದೀಪ ಕೊಟ್ಟು ತಾನೂ ಹಿಂದೆ ಹತ್ತಿದ.

ಅಟ್ಟದಲ್ಲಿ ತೊಲೆಗಳ ಸಾಲು. ಅವುಗಳ ಮೇಲೆ ಓಡಾಡಲು ಒಂದು ಉದ್ದ ಹಲಗೆ. ತೊಲೆಗಳ ನಡುವೆ ಕೆಳಗಿರುವುದು ಕೋಣೆಯ ಒಳಚಾವಣಿಯೇ. ಅದು ರಟ್ಟಿನ ನಡುವೆ ಸುಣ್ಣದಂಥ ಪುಡಿ ಒತ್ತಿ ಮಾಡಿದ ತೆಳು ಹಲಗೆ, ಆಳು ತೂಕ ತಡೆಯುವುದಿಲ್ಲ. ಅರ್ಧ ಅಟ್ಟ ಆಗಲೇ ತುಂಬಿತ್ತು. ಬೂದು ಬಣ್ಣದ ಮೆತ್ತನೆ ರಾಶಿ, ಜಿನ್ನಿಂಗ್ ಕಾರ್ಖಾನೆಯ ಹತ್ತಿ ಗುಡ್ಡೆ ಮಾಸಿದರೆ ಹೇಗೋ ಹಾಗೆ. ಹತ್ತಿರ ಬಗ್ಗಿದರೆ ಪುಡಿಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಉಳಿದಿತ್ತು. ಎಷ್ಟು ಮನೆಗಳವರು ಓದಿ ಮುಗಿಸಿದ ಸುದ್ದಿ, ಈಗ ಒಂದು ಮನೆಯ ಹೊದಿಕೆ.

ಅಟ್ಟದ ಇನ್ನೊಂದರ್ಧದಲ್ಲಿ ಹಿಂದಿನ ಮಾಲೀಕರು ಸಂದುಗಳಿಗೆ ತುರುಕಿದ್ದ ಹಳೆಯ ಪೇಪರುಗಳು ಹರಡಿದ್ದವು. ಅದರಲ್ಲಿ ಒಂದು ಪೂರ್ತಿ ಹಾಳೆ, ಫೋಟೋ ಅಚ್ಚಾಗಿದ್ದದ್ದು, ಹಲಗೆಯ ಮೇಲೆ ಬಿದ್ದಿತ್ತು. ಬಿದ್ದಿತ್ತು ಎಂದುಕೊಂಡಿದ್ದೇನೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಗಬ್ಬೂರಿನಲ್ಲಿ ಬೇರೆಯವರ ಹೊಲದಲ್ಲಿ ಕಲ್ಲು ಆಯ್ದು ಒಡ್ಡು ಹಾಕಿದವನು. ಓದು ಬರುತ್ತಿರಲಿಲ್ಲ. ಆದರೆ ದಾರಿಯಲ್ಲಿ ಅಚ್ಚಾದ ಕಾಗದ ಬಿದ್ದಿದ್ದರೆ, ಅದು ಬೆಲ್ಲ ಕಟ್ಟಿದ್ದರೂ ಸರಿ, ಎತ್ತಿ ಕಣ್ಣಿಗೊತ್ತಿಕೊಂಡು ಮನೆಯ ಜಂತಿಯ ಸಂದಿಗೆ ಸಿಕ್ಕಿಸುತ್ತಿದ್ದ. ನನ್ನ ಕಾಲು ತಾಗಿದರೆ ನನ್ನಿಂದಲೂ ಮಾಡಿಸುತ್ತಿದ್ದ. ಧಾರವಾಡದ ಹಾಸ್ಟೆಲಿನಲ್ಲಿ ನಾನು ಅದನ್ನು ಬಿಟ್ಟೆ. ಕಾಗದ ಮರದ ನಾರು, ಅದಕ್ಕೆ ಕಾಲು ತಾಗಿದರೆ ಏನೂ ಆಗುವುದಿಲ್ಲ ಎಂದು ತೋರಿಸಲು ಗೆಳೆಯರ ಮುಂದೆ ಒಂದು ಗೈಡ್ ಪುಸ್ತಕದ ಮೇಲೆ ನಿಂತೇ ವಾದ ಮಾಡಿದ್ದೇನೆ.

ಅಟ್ಟದಲ್ಲಿ ನನ್ನ ಬಲಗಾಲು ಆ ಹಾಳೆಯ ಮೇಲೆ ಇಳಿಯಬೇಕಿತ್ತು. ಇಳಿಯಲಿಲ್ಲ. ನನ್ನನ್ನು ಕೇಳದೆ ನಾಲ್ಕು ಬೆರಳಗಲ ಪಕ್ಕಕ್ಕೆ ಸರಿಯಿತು, ಹಲಗೆ ತಪ್ಪಿತು, ತೊಡೆಯವರೆಗೆ ಒಳಚಾವಣಿಯೊಳಗೆ ಹೋಯಿತು.

ಕೆಳಗಿನ ಕೋಣೆಯಲ್ಲಿ ದೊಡ್ಡವ್ವ ಮಂಚದ ಮೇಲೆ ಕೂತು ಮಾನ್ವಿಯಿಂದ ತಂದ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಸುಣ್ಣದ ಚೂರು, ಬೂದು ಪುಡಿ, ಕೊನೆಗೆ ನನ್ನ ಕಾಲು, ಎಲ್ಲ ಆಕೆಯ ತಟ್ಟೆಯ ನೇರಕ್ಕೇ ಇಳಿದವು. ಕಾಲುಚೀಲದ ತೂತಿಗೆ ತೇಪೆ ಹಾಕಿದವಳು ಆಕೆಯೇ, ಹಾಗಾಗಿ ಯಾರ ಕಾಲು ಎಂದು ಕೇಳಬೇಕಾಗಲಿಲ್ಲ. ಕೆಳಗಿನಿಂದ ಆಕೆಯ ದನಿ ನಿಧಾನವಾಗಿ ಬಂತು.

"ಹುಲಿಗೆಪ್ಪಾ, ಇಳಿಯೂದಾದ್ರ ನಿಚ್ಚಣಿಕಿ ಅದಲ್ಲಪ."

ಅದೇ ಸಂಜೆ

ಆ ಊರಿನಲ್ಲಿ ಚಳಿಗಾಲದಲ್ಲಿ ನಾಲ್ಕಕ್ಕೇ ಸಂಜೆ. ಕೆಲಸ ನೋಡಲು ಮೇಸ್ತ್ರಿ ಬಂದ. ಪುಡಿಯ ಆಳವನ್ನು ಅಳತೆ ಕೋಲಿನಿಂದ ನೋಡಿ ತೃಪ್ತನಾಗಿ ಇಳಿದವನು, ಕೋಣೆಯ ಒಳಚಾವಣಿಯ ತೂತು ಕಂಡು ನಿಂತ. ಯಾರ ಕೆಲಸ ಎಂದು ಕೇಳಿದ. ಮೈಕ್ ಒಮ್ಮೆ ನನ್ನತ್ತ ನೋಡಿದ. ಆಮೇಲೆ, ನಾನು ಜಾರಿದೆ, ಎಂದ. ನನ್ನನ್ನು ಹತ್ತಿಸಿದೆ ಎಂದರೂ ತಪ್ಪು, ಜಾರಿದೆ ಎಂದರೂ ತಪ್ಪು, ಎರಡರಲ್ಲಿ ಯಾವುದು ಸಣ್ಣದೆಂದು ಅವನು ಲೆಕ್ಕ ಹಾಕಿದ್ದಿರಬೇಕು. ಮೇಸ್ತ್ರಿ ಹೋದ ತಿಂಗಳ ದೂರನ್ನು ನೆನಪಿಸಿದ.

ಮುಂದಿನದನ್ನು ನಾನು ರಾಯಚೂರಿನಲ್ಲಿ ಹೇಳುತ್ತಿದ್ದುದು ಹೀಗೆ. ನಾನು ಒಂದು ಹೆಜ್ಜೆ ಮುಂದೆ ಬಂದೆ. ತೂತು ಮಾಡಿದ್ದು ನಾನು, ಇವನು ಲಾರಿಯಲ್ಲಿ ಊಟ ಮಾಡುತ್ತಿದ್ದಾಗ ಹೇಳದೆ ಹತ್ತಿದೆ, ಇವನ ತಪ್ಪಿಲ್ಲ ಎಂದೆ. ಮೇಸ್ತ್ರಿ ಪುಸ್ತಕದಲ್ಲಿ ಏನೋ ಗೀಚಿಕೊಂಡು ಹೊರಟುಹೋದ. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳಿದವರು ಮೆಚ್ಚುತ್ತಿದ್ದರು. ಆ ಸುಳ್ಳು ಹೇಳಿದ್ದಕ್ಕೆ ನನಗೂ ನನ್ನ ಮೇಲೆ ಗೌರವ ಇತ್ತು. ಕಾಲು ಯಾಕೆ ತಪ್ಪಿತು ಎಂದು ಯಾರಾದರೂ ಕೇಳಿದರೆ, ಕತ್ತಲಿತ್ತು, ಜಾರಿತು ಎನ್ನುತ್ತಿದ್ದೆ. ಹಾಳೆಯ ಸುದ್ದಿ ಎತ್ತುತ್ತಿರಲಿಲ್ಲ.

ಇನ್ನೊಂದನ್ನೂ ಹೇಳುತ್ತಿರಲಿಲ್ಲ. ಮರುದಿನ ತೂತು ಮುಚ್ಚಲು ಬಂದವನು ಮೈಕ್ ಅಲ್ಲ, ಬೇರೆಯವನು. ಮೈಕ್ ಎಲ್ಲಿ ಎಂದು ನಾನು ಕೇಳಲಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಊರಿನ ಪ್ರಯೋಗಾಲಯಕ್ಕೆ ಹೊರಟೆ. ಆ ಎರಡು ದಿನ ಮನೆ ನಿಜಕ್ಕೂ ಬೆಚ್ಚಗಿತ್ತು. ದೊಡ್ಡವ್ವ ಒಂದು ಸ್ವೆಟರ್ ಕಳಚಿದ್ದಳು.

ದೇವದುರ್ಗ, ಬಸ್ ಕಾಯುತ್ತ

ಮೂರ್ನಾಲ್ಕು ವರ್ಷ ಕಳೆದಿರಬೇಕು. ಪ್ರಾಕ್ಟಿಕಲ್ ಪರೀಕ್ಷೆಗೆಂದು ದೇವದುರ್ಗಕ್ಕೆ ಹೋಗಿದ್ದೆ. ಮುಗಿಸಿ, ಜಾಲಹಳ್ಳಿ ಬಸ್ಸು ಕಾಯುತ್ತಿದ್ದ ಒಬ್ಬ ಸಹೋದ್ಯೋಗಿಯ ಜೊತೆ ನಿಲ್ದಾಣದ ಹೋಟೆಲಿನಲ್ಲಿ ಕೂತೆ. ತಗಡಿನ ಚಾವಣಿ ಸುಡುತ್ತಿತ್ತು. ಸೆಕೆಯಿಂದ ಚಳಿಗೆ, ಚಳಿಯಿಂದ ಕಾಗದದ ಪುಡಿಗೆ ಮಾತು ಹೋಗಿ ನಾನು ಕಥೆ ಪೂರ್ತಿ ಹೇಳಿದೆ. ಸಹೋದ್ಯೋಗಿ ಹೊಟ್ಟೆ ಹಿಡಿದು ನಕ್ಕು, ನಮ್ಮ ತಗಡಿಗೆ ಅದನ್ನು ತುಂಬಿದರೆ ಗೆದ್ದಲಿಗೆ ಮದುವೆ ಊಟ ಎಂದ. ಎದುರಿನ ಬೆಂಚಿನಲ್ಲಿ ಮನೆ ಕಟ್ಟುವ ಒಬ್ಬ ಗೌಂಡಿ, ಕಾಲ ಬಳಿ ಕರಣಿ ತೂಗುಗುಂಡಿನ ಚೀಲ ಇಟ್ಟುಕೊಂಡು ಕೇಳುತ್ತಿದ್ದ. ಅವನು ನಗಲಿಲ್ಲ.

"ಸರ, ಒಂದು ಕೇಳ್ಲೇನ್ರಿ? ಆ ಪೈಪು ಹಿಡಿಯಾಂವ ಇದ್ನಲ್ರಿ, ಅವನ ಕೆಲಸ ಉಳೀತೇನ್ರಿ?"

"ಉಳಿದಿರಬೇಕು."

"ಇರಬೇಕು ಅಂದ್ರ? ನೀವು ಯಾರನ್ನೂ ಕೇಳಲಿಲ್ಲೇನ್ರಿ?"

ಅವನು ಚುಚ್ಚಲು ಕೇಳಿದ್ದಲ್ಲ. ಹಂಚು ಹೊದಿಸಲು ಹೋದ ಮನೆಯಲ್ಲಿ ಯಾರದೋ ಕಾಲು ತಪ್ಪಿ ಯಾರದೋ ಕೂಲಿ ಹೋಗುವುದು ಅವನಿಗೆ ಹೊಸದಲ್ಲ, ಹಾಗಾಗಿ ಕಥೆಯಲ್ಲಿ ಅವನಿಗೆ ಬೇಕಾಗಿದ್ದು ಅದೊಂದೇ. ಬಸ್ಸು ಬಂತು, ಅವನು ಚೀಲ ಎತ್ತಿಕೊಂಡು ಹೋದ. ನನ್ನ ಚಹಾ ಆರಿಹೋಯಿತು. ಅಷ್ಟು ವರ್ಷ ನಾನು ಎಷ್ಟೋ ಜನಕ್ಕೆ ಹೇಳಿದ ಕಥೆಯಲ್ಲಿ ಮುಖ್ಯವಾದದ್ದು ನನಗೇ ಗೊತ್ತಿರಲಿಲ್ಲ. ರಾಯಚೂರಿಗೆ ಬರುವ ದಾರಿಯುದ್ದಕ್ಕೂ ಆ ಸಂಜೆಯನ್ನು ಮತ್ತೆ ನೋಡಲು ಹೋದೆ. ಒಂದು ಹೆಜ್ಜೆ ಮುಂದೆ ಬಂದ ನಾನು ಕಾಣುತ್ತಿದ್ದೆ. ಆದರೆ ಹೊರಗಿನಿಂದ, ನನ್ನ ಬೆನ್ನು ಸಹಿತ ಕಾಣುತ್ತಿದ್ದೆ. ತನ್ನ ಬೆನ್ನನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

ಮಾನ್ವಿ

ಸಾಕ್ಷಿ ಇದ್ದದ್ದು ಒಬ್ಬಳೇ. ದೊಡ್ಡವ್ವ ಆಗ ಮಾನ್ವಿಗೆ ಮರಳಿ ತನ್ನ ಕಿರಿಮಗನ ಸಂಸಾರದ ಜೊತೆ ಇದ್ದಳು. ಮುಂದಿನ ಭಾನುವಾರವೇ ಹೋದೆ. ಮಳೆಗಾಲ ಹತ್ತಿರವಿತ್ತು. ಮಾಳಿಗೆಗೆ ಸವಳು ಮಣ್ಣು ಹಾಕಿಸುತ್ತ ಅಂಗಳದಲ್ಲಿ ನಿಂತು ಮೇಲಿನವನಿಗೆ ಬೈಯುತ್ತಿದ್ದಳು. ನನ್ನನ್ನು ಕಂಡು, ನೀ ಮಾತ್ರ ಮ್ಯಾಲ ಹತ್ತಬ್ಯಾಡಪ ಎಂದಳು. ಮಣ್ಣು ಹಾಕುವವನೂ ನಕ್ಕ. ಮಾನ್ವಿಗೆಲ್ಲ ಗೊತ್ತಾಗಿತ್ತು.

ನಾನು ಕೇಳಿದೆ, ಆ ಸಂಜೆ ಮೇಸ್ತ್ರಿ ಬಂದಾಗ ನಾನು ಏನು ಮಾಡಿದೆ ಎಂದು. ಒಂದು ಹೆಜ್ಜೆ ಮುಂದೆ ಬಂದೆನಲ್ಲ ಎಂದೂ ಸೇರಿಸಿದೆ.

"ಎಲ್ಲಿ ಬಂದೆಪ ಮುಂದ? ನೆಲಾ ನೋಡಿಕೊಂತ ನಿಂತಿದ್ದಿ. ನಾನ ಬಂದಿದ್ದು."

"ನೀನಾ?"

"ಮತ್ತ? ನನಗ ಅವರ ಭಾಷಿ ಬರಂಗಿಲ್ಲ. ಆದ್ರ ಕೂಲಿಯಾಂವ ಬೈಸಿಗೊಂತ ನಿಂದ್ರದು ನೋಡಿದ್ರ ತಿಳಿತದ. ಎಲ್ಲಾ ಕಡಿ ಒಂದ ನಮೂನಿ ನಿಂದರ್ತಾರ. ಅದಕ ನಿನ್ನ ಪ್ಯಾಂಟ ಎತ್ತಿ ಮೇಸ್ತ್ರಿಗಿ ರಕ್ತ ತೋರ್ಸಿದೆ."

ಆಕೆ ಬಗ್ಗಿ ನನ್ನ ಪ್ಯಾಂಟಿನ ತುದಿ ಹಿಡಿದು ಎತ್ತಿದಳು. ಆ ಕ್ಷಣ ಆಕೆಯ ಹಿಡಿತ ನನ್ನ ಕಾಲಿಗೆ ನೆನಪಾಯಿತು. ನೆನಪಾಯಿತೋ, ಆಗ ತಾನೇ ಹುಟ್ಟಿತೋ. ಇದನ್ನೂ ನಂಬಲಾಗದು. ಆದರೆ ಮುಂದೆ ಬಂದ ನನ್ನ ಬೆನ್ನು ಯಾಕೆ ಕಾಣುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು. ಮುಂದೆ ಬಂದದ್ದು ದೊಡ್ಡವ್ವ. ಅಷ್ಟು ವರ್ಷ ಆಕೆಯ ಹೆಜ್ಜೆಯನ್ನು ನಾನು ನನ್ನದೆಂದು ಹೇಳಿಕೊಂಡಿದ್ದೆ.

ಆಮೇಲಾದರೂ ನಾನು ಮಾತಾಡಿದೆನೇ ಎಂದು ಕೇಳಿದೆ.

"ಆಮ್ಯಾಲ ಭಾಳ ಮಾತಾಡಿದಿ. ಏನಂದಿ ನನಗೇನು ಗೊತ್ತು, ಎಲ್ಲಾ ಇಂಗ್ಲಿಷಿನ್ಯಾಗ. ನಡುವ ಒಮ್ಮಿ ಕೈ ಹಿಂಗ ಕಣ್ಣಿಗಿ ಒತ್ತಿಕೊಂಡು ತೋರ್ಸಿದಿ. ನಿಮ್ಮಪ್ಪನಂಗ. ಆವಾಗ ಅಳು ಬಂತು ನನಗ."

ಮೇಲಿನಿಂದ ಒಂದು ಬುಟ್ಟಿ ಮಣ್ಣು ಧೊಪ್ಪೆಂದು ಬಿತ್ತು. ಆಕೆ ಮತ್ತೆ ಬೈಯಲು ತಿರುಗಿದಳು.

ರಾಯಚೂರು, ಎರಡು ಪತ್ರ

ಆಗ ನಾಗಕ್ಕನಿಗೆ ಪತ್ರ ಬರೆದೆ. ಮೈಕ್ ಏನಾದ, ಅದಷ್ಟೇ ಕೇಳಿದೆ. ಉತ್ತರ ಬರುವವರೆಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಸ್ಟಾಫ್ ರೂಮಿನಲ್ಲಿ ಆ ಕಥೆ ಹೇಳು ಎಂದರೆ ಗಂಟಲು ನೋವು ಎನ್ನುತ್ತಿದ್ದೆ.

ನಾಗಕ್ಕ ಸಾವಧಾನವಾಗಿ ಉದ್ದ ಪತ್ರ ಬರೆಯುವವಳು. ಆ ದಿನ ತಾನು ಡ್ಯೂಟಿಯಲ್ಲಿದ್ದೆ, ಯಾರು ಏನು ಹೇಳಿದರೋ ಗೊತ್ತಿಲ್ಲ, ಅವ್ವ ಹೇಳಿದ್ದೂ ಅವ್ವನ ಕಥೆಯೇ ಇರಬಹುದು ಎಂದು ಮೊದಲೇ ಕೈತೊಳೆದುಕೊಂಡಿದ್ದಳು. ಆದರೆ ಹೋದ ಶರತ್ಕಾಲದಲ್ಲಿ ಪಕ್ಕದ ಮನೆಯವರು ಅಟ್ಟ ತುಂಬಿಸಿದರಂತೆ. ಅದೇ ಲಾರಿ. ಪೈಪು ಹಿಡಿದವನು ಬೇಲಿಯಾಚೆಯಿಂದ ಮನೆಯನ್ನು ಗುರುತಿಸಿ ಇವಳನ್ನು ಕೂಗಿ, ಪೇಪರ್ ತುಳಿಯದ ಆ ಮೇಷ್ಟ್ರು ಹೇಗಿದ್ದಾರೆ ಎಂದು ಕೇಳಿದನಂತೆ. ಮೊದಲು ಮೇಲೆ ಹತ್ತಿ ಹಲಗೆಯ ಮೇಲಿನ ಹಳೆಯ ಕಾಗದಗಳನ್ನೆಲ್ಲ ಆಯ್ದು ಪಕ್ಕಕ್ಕಿಟ್ಟು, ಆಮೇಲೆ ಯಂತ್ರ ಶುರು ಮಾಡಿಸಿದನೆಂದು ಪಕ್ಕದ ಮನೆಯವಳು ಬೆರಗಿನಿಂದ ಹೇಳಿದಳಂತೆ.

ಓದಿ ಸುಮ್ಮನೆ ಕೂಡುವವನು ನಾನಲ್ಲ. ಅಟ್ಟ ತುಂಬುವವರೆಲ್ಲ ಮಾಸಿದ ಬಟ್ಟೆಯವರು, ನನ್ನ ಕಥೆ ಅವರಿಗೆಲ್ಲ ಗೊತ್ತಾಗಿರಬಹುದು, ನಾಗಕ್ಕ ಆ ದಿನ ಮೈಕನನ್ನು ನೋಡಿಯೇ ಇರಲಿಲ್ಲ. ಮರುದಿನವೇ ಇನ್ನೊಂದು ಪತ್ರ ಹಾಕಿದೆ. ಅವನ ಎಡಗೈ ನೋಡಿದ್ದೀಯಾ, ಇಲ್ಲದಿದ್ದರೆ ಪಕ್ಕದ ಮನೆಯವಳನ್ನು ಕೇಳು ಎಂದೆ. ಕಾರಣ ಬರೆಯಲಿಲ್ಲ.

ಉತ್ತರ ಒಂದು ಕಾರ್ಡಿನಲ್ಲಿ ಬಂತು. ಪಕ್ಕದ ಮನೆಯವಳನ್ನು ಕೇಳಿದೆ, ಎಡಗೈಯ ಕಿರುಬೆರಳು ಅರ್ಧ.